ಕೆಂಪು ಬಾಳೆಯ ಟೆಂಪೊ ನಿಂತ ಜಾಗ

ಮೊನ್ನೆ ಮಧ್ಯಾಹ್ನ ಕಚೇರಿಗೆ ಹೋದಾಗ ಸುದ್ದಿಮೇಜಿನ ಮೇಲೆ ಒಂದು ಚಿಪ್ಪು ಕಮಲಾಪುರದ ಕೆಂಪು ಬಾಳೆಹಣ್ಣು ಇತ್ತು. ಯಾವುದೋ ಸಮಾರಂಭದ ವರದಿಗೆ ಹೋದವರು ತಂದಿಟ್ಟಿದ್ದರು. ಹಣ್ಣು ಪೂರ್ತಿ ಕಳಿತು ಸಿಪ್ಪೆ ಕಪ್ಪಾಗತೊಡಗಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ಒಂದು ಕಂಪ್ಯೂಟರ್ ನೆನಪಾಯಿತು. ಹಣ್ಣಿಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ಕೇಳಿದ ಸಹೋದ್ಯೋಗಿಗೆ ಆಗ ಉತ್ತರ ಕೊಡಲಿಲ್ಲ. ಈಗ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಮಾಸ್ತರರು ಬಾಡಿಗೆಗಿದ್ದರು; ನಾನು ಅವರನ್ನು ಸರ ಎನ್ನುತ್ತಿದ್ದೆ. ಕಮಲಾಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದರು. ಹೆಗಲಿಗೆ ಸದಾ ಒಂದು ಖಾಕಿ ಚೀಲ. ಸಂಜೆ ಬರುವಾಗ ಅದರಲ್ಲಿ ಮೇಲೆ ಕೆಂಪು ಬಾಳೆಹಣ್ಣು, ಕೆಳಗೆ ಟವೆಲಿನಲ್ಲಿ ಸುತ್ತಿದ ಕಂಪ್ಯೂಟರ್. ಅವರ ಭಾವ ಕುವೈತಿನಿಂದ ತಂದುಕೊಟ್ಟದ್ದು; ಪಂಚಾಂಗಕ್ಕಿಂತ ತುಸು ದಪ್ಪ, ರಬ್ಬರಿನ ಗುಂಡಿಗಳು. ಆ ಗುಂಡಿಗಳಿಗೆ ಯಾವಾಗಲೂ ಬಾಳೆಹಣ್ಣಿನ ವಾಸನೆ, ಸ್ವಲ್ಪ ಅಂಟು. ಕಂಪ್ಯೂಟರ್ ಎಂದರೆ ಹಾಗೆಯೇ ನಾರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ.

ಅದಕ್ಕೆ ಒಂದು ವಯರು ಟಿ.ವಿ.ಗೆ, ಇನ್ನೊಂದು ಟೇಪ್ ರೆಕಾರ್ಡರಿಗೆ. ಪ್ರೋಗ್ರಾಮುಗಳೆಲ್ಲ ಹಾಡಿನ ಕ್ಯಾಸೆಟ್ಟಿನಲ್ಲೇ ಸದ್ದಾಗಿ ಕುಳಿತಿರುತ್ತಿದ್ದವು. ಕ್ಯಾಸೆಟ್ ಹಾಕಿದರೆ ಕಿವಿ ಕೊರೆಯುವ ಕೀರಲು ದನಿ. ಕಂಪ್ಯೂಟರ್ ಆ ದನಿಯನ್ನು ಕೇಳಿ ಕೇಳಿ ಪ್ರೋಗ್ರಾಮನ್ನು ತನ್ನೊಳಗೆ ತುಂಬಿಕೊಳ್ಳುತ್ತಿತ್ತು. ನಡುವೆ ಕರೆಂಟು ಒಂದಿಷ್ಟು ಕುಣಿದರೂ ಎಲ್ಲ ಮೊದಲಿನಿಂದ. ಹಾಗಾಗಿ ಆ ಹೊತ್ತಿನಲ್ಲಿ ಆ ಮನೆಯಲ್ಲಿ ಮಿಕ್ಸರ್ ಹಾಕುವಂತಿರಲಿಲ್ಲ. “ಇವ್ರ ಡಬ್ಬಿ ಚೀರಾಡಿ ಮುಗಿಯೂತನಕ ನಮ್ಮ ಮನ್ಯಾಗ ಚಟ್ನಿ ಇಲ್ಲ ನೋಡು ತಮ್ಮಾ” ಎಂದು ಅವರ ಹೆಂಡತಿ ನನ್ನ ಮುಂದೆ ದೂರುತ್ತಿದ್ದರು. ನಾನು ಅವರನ್ನು ವೈನಿ ಎನ್ನುತ್ತಿದ್ದೆ.

ಸರ ಒಂದು ಆಟ ಬರೆಯುತ್ತಿದ್ದರು. ಕಮಲಾಪುರದಿಂದ ಕೆಂಪು ಬಾಳೆ ತುಂಬಿಕೊಂಡು ಒಂದು ಟೆಂಪೊ ಕಲಬುರಗಿಯ ಮಾರುಕಟ್ಟೆಗೆ ಹೊರಡುತ್ತದೆ. ದಾರಿಯಲ್ಲಿ ತಗ್ಗು, ಎಮ್ಮೆ, ಎದುರು ಬರುವ ಲಾರಿ. ಜೋರಾಗಿ ಹೋದರೆ ಹಣ್ಣು ಜಜ್ಜಿ ಹೋಗುತ್ತವೆ, ನಿಧಾನ ಹೋದರೆ ಕಳಿತು ಹೋಗುತ್ತವೆ. ಅಷ್ಟೇ ಆಟ. ಮುಂಬೈಯಲ್ಲಿ ಆಟದ ಕ್ಯಾಸೆಟ್ ಮಾರುವ ಒಂದು ಕಂಪನಿ, ಪೂರ್ತಿ ಮಾಡಿ ಕಳಿಸಿದರೆ ನೋಡುತ್ತೇವೆ ಎಂದು ಸರ ಅವರಿಗೆ ಬರೆದಿತ್ತು.

ಆ ಪುಟ್ಟ ಯಂತ್ರದಲ್ಲಿ ಇಡೀ ದಾರಿ ಹಿಡಿಸುತ್ತಿರಲಿಲ್ಲ. ಆದ್ದರಿಂದ ಎರಡು ಭಾಗ, ಎರಡು ಕ್ಯಾಸೆಟ್. ಕಮಲಾಪುರದಿಂದ ಊರ ಹೊರಗಿನ ತನಕ ಮೊದಲನೆಯದು, ಊರೊಳಗಿನದು ಎರಡನೆಯದು. ಎರಡನೆಯದರ ಚಿತ್ರಗಳನ್ನು ಸರ ನನಗೆ ಒಪ್ಪಿಸಿದ್ದರು. ನಾನಾಗ ಪಿಯುಸಿ. ಭಾನುವಾರ ಅವರ ಮನೆಯ ಚಾಪೆಯ ಮೇಲೆ ಕುಳಿತು ಗ್ರಾಫ್ ಹಾಳೆಯ ಚೌಕಗಳನ್ನು ತುಂಬಿ ಸ್ಟೇಶನ್ ಬಜಾರದ ಟಾಂಗಾ, ಹಮಾಲಿ, ಆಟೊ ಬರೆಯುತ್ತಿದ್ದೆ. ಸರ ಕುರ್ಚಿಯಲ್ಲಿ ಕುಳಿತು ಅವನ್ನು ಅಂಕಿಗಳಾಗಿಸಿ ಒಳಗೆ ಹಾಕುತ್ತಿದ್ದರು. ನನ್ನ ಹಮಾಲಿ ಪರದೆಯ ಮೇಲೆ ಮೊದಲ ಸಲ ನಡೆದ ದಿನ ನಾನು ಊಟ ಮಾಡಲಿಲ್ಲ, ಅಷ್ಟು ಸಂತೋಷವಾಗಿತ್ತು.

ಆ ಸಂತೋಷ ಮುಂದಿನ ಭಾನುವಾರದವರೆಗಷ್ಟೇ ಉಳಿಯಿತು. ಅಂದು ಸರ ಮೊದಲನೇ ಭಾಗವನ್ನು ಹಾಕಿ ತೋರಿಸಿದರು. ರಸ್ತೆಯ ನಡುವೆ ಒಂದು ಎಮ್ಮೆ ನಿಂತಿತ್ತು. ಟೆಂಪೊ ಹತ್ತಿರ ಬಂದರೂ ಕದಲಲಿಲ್ಲ. ತಲೆ ತಿರುಗಿಸಿ ಟೆಂಪೊವನ್ನು ನೋಡಿ, ಬಾಲವನ್ನು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಬೀಸಿತು. ನಾನು ಅದನ್ನೇ ನೋಡುತ್ತ ಕುಳಿತೆ…

“ಇದು ಯಾರು ತಗದಾರ ಸರ?”

“ಕಮಲಾಪುರದಾಗ ಒಬ್ಬಾಕಿ ಅದಾಳ, ನಮ್ಮ ಕಾಲೇಜಿನ ಹುಡುಗಿ. ಎಮ್ಮಿ ನೋಡಿ ಬೆಳದಾಳ. ನೀನೂ ಟಾಂಗಾ ನೋಡೇ ಬೆಳದೀಯಲ್ಲೋ, ನಿನ್ನ ಗಾಲಿ ಯಾಕ ತಿರಗಂಗಿಲ್ಲ?”

ವೈನಿ ಒಳಗಿಂದ, “ಇರಲಿ ಬಿಡ್ರಿ, ಕುದರಿ ಓಡ್ತದಲ್ಲ, ಗಾಲಿ ತಗೊಂಡೇನು ಮಾಡ್ತೀರಿ” ಎಂದರು. ಸರ ನಕ್ಕರು. ನಾನು ನಗಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಆ ಹುಡುಗಿಯ ಒಂದಿಲ್ಲೊಂದು ವರದಿ. ಆಕೆ ಮೋಡ ಬರೆದಳು, ಟೆಂಪೊ ಚಾಲಕನ ತಲೆಗೆ ರುಮಾಲು ಸುತ್ತಿದಳು. ಯಂತ್ರಕ್ಕೆ ಕನ್ನಡವೇ ಗೊತ್ತಿಲ್ಲದಿದ್ದರೂ ಚೌಕ ತುಂಬಿ ತುಂಬಿ ಕನ್ನಡ ಅಕ್ಷರ ಬರಿಸಿದಳು. “ಆಕಿ ನಿನಗಿಂತ ಭಾಳ ಮುಂದ ಹೋಗ್ಯಾಳ ತಮ್ಮಾ” ಎನ್ನುವುದು ಸರ ಅವರ ಪಾಠದ ಕೊನೆಯ ಮಾತು. ನಾನು ಮನೆಗೆ ಬಂದು ಮತ್ತೆ ಟಾಂಗಾ ಗಾಲಿ ಬರೆಯುತ್ತಿದ್ದೆ. ತಿರುಗಿಸಿದರೆ ಅದು ಒಡೆದ ಹಪ್ಪಳದಂತೆ ಕಾಣುತ್ತಿತ್ತು.

ಒಂದು ದಿನ ಮನೆಯಲ್ಲಿ ಹೇಳದೆ ಕಮಲಾಪುರದ ಬಸ್ಸು ಹತ್ತಿದೆ. ಕಾಲೇಜು ಬಿಟ್ಟು ಹುಡುಗರೆಲ್ಲ ಹೋಗಿದ್ದರು. ಸಿಬ್ಬಂದಿ ಕೋಣೆಯ ಕಿಟಕಿ ತೆರೆದಿತ್ತು. ಕಾಲೇಜಿನ ಟಿ.ವಿ. ಮುಂದೆ, ಸರ ಅವರ ಕುರ್ಚಿಯಲ್ಲಿ ಆ ಹುಡುಗಿ ಕುಳಿತಿದ್ದಳು. ಎರಡು ಜಡೆ, ನೀಲಿ ಲಂಗ. ಬೆರಳುಗಳು ರಬ್ಬರ್ ಗುಂಡಿಗಳ ಮೇಲೆ ಓಡಾಡುತ್ತಿದ್ದವು. ಸರ ಹಿಂದೆ ಕೈಕಟ್ಟಿ ನಿಂತಿದ್ದರು. ಆಕೆ ಏನೋ ಅಂದಳು, ಸರ ತಲೆದೂಗಿದರು. ಅವರು ತಲೆದೂಗುವುದನ್ನು ನಾನು ನೋಡಿದ್ದು ಅದೇ ಮೊದಲು. ಒಳಗೆ ಹೋಗಲಿಲ್ಲ. ಮುಂದಿನ ಬಸ್ಸಿಗೆ ವಾಪಸು ಬಂದೆ.

ಸುದ್ದಿಮನೆಯಲ್ಲಿ ಕಲಿತ ಪಾಠವೆಂದರೆ ಕಂಡದ್ದನ್ನು ಕಂಡಷ್ಟೇ ಬರೆಯುವುದು. ಆ ಕಿಟಕಿಯಲ್ಲಿ ಕಂಡದ್ದು ಒಬ್ಬ ಮಾಸ್ತರರು, ಒಬ್ಬ ವಿದ್ಯಾರ್ಥಿನಿ, ಒಂದು ಕುರ್ಚಿ. ಆ ಕುರ್ಚಿ ಮಾತ್ರ ಅನೇಕ ವರ್ಷ ನನ್ನ ಹೊಟ್ಟೆಯಲ್ಲೇ ಇತ್ತು.

ಆಟ ಮುಗಿಯಲಿಲ್ಲ. ಮಾರುಕಟ್ಟೆಯ ಗೇಟಿನ ದೃಶ್ಯ ಇನ್ನೂ ಬಾಕಿ ಇರುವಾಗಲೇ ಮುಂಬೈಯಿಂದ ಪತ್ರ ಬಂತು: ಆ ಯಂತ್ರವನ್ನು ಈಗ ಯಾರೂ ಕೊಳ್ಳುತ್ತಿಲ್ಲ, ಅದಕ್ಕೆ ಹೊಸ ಆಟಗಳನ್ನು ತರುವುದಿಲ್ಲ. ಸರ ಒಂದು ವಾರ ಚೀಲವಿಲ್ಲದೆ ಕಾಲೇಜಿಗೆ ಹೋದರು. ಆಮೇಲೆ ಬೀದರ ಕಡೆ ವರ್ಗವಾಯಿತು. ಹೊರಡುವ ಮುನ್ನ ಒಂದು ಕ್ಯಾಸೆಟ್ ತಂದು ನನ್ನ ಕೈಗಿಟ್ಟರು. “ನಿನ್ನ ಭಾಗ ಇದರಾಗ ಅದ. ಚಲೋ ಅಂಗಡ್ಯಾಗ ಕಾಪಿ ಮಾಡಿಸೀನಿ. ಅಸಲಿ ನನ್ನ ಹತ್ರ ಇರ್ತದ.”

ಕಂಪ್ಯೂಟರ್ ಎಲ್ಲಿ ಎಂದು ಕೇಳಲು ಬಾಯಿ ಬರಲಿಲ್ಲ. ಸಾಮಾನು ಕಟ್ಟುತ್ತಿದ್ದ ವೈನಿಯೇ ಹೇಳಿದರು: “ಆ ಡಬ್ಬಿ ಕಮಲಾಪುರದ ಹುಡುಗಿಗಿ ಕೊಟ್ಟಾರ. ಇನ್ನ ಮ್ಯಾಲ ನಮ್ಮ ಮನ್ಯಾಗ ಚಟ್ನಿ ಆಗ್ತದ.”

ಯಂತ್ರ ಆಕೆಗೆ, ಕ್ಯಾಸೆಟ್ ನನಗೆ. ಯಂತ್ರವಿಲ್ಲದ ಕ್ಯಾಸೆಟ್ಟನ್ನು ಏನು ಮಾಡುವುದು? ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ನಾನು ಓದು ಮುಗಿಸಿ ಪತ್ರಿಕೆ ಸೇರಿದೆ. ವರ್ಷಗಳ ನಂತರ ಸರ ಅವರ ನಿಧನವಾರ್ತೆ ನನ್ನ ಮೇಜಿಗೇ ಬಂತು. ನಿವೃತ್ತ ಉಪನ್ಯಾಸಕರು, ಪತ್ನಿ ಮತ್ತು ಅಪಾರ ಶಿಷ್ಯರು… ನಾಲ್ಕು ಸಾಲು. ಅದರಲ್ಲಿ ಆಟದ ಮಾತು ಇರಲಿಲ್ಲ. ಇದ್ದ ಕಾಗುಣಿತದ ತಪ್ಪು ತಿದ್ದಿ ಅಚ್ಚಿಗೆ ಕಳಿಸಿದೆ.

ಎರಡು ಸಾವಿರದ ಇಸವಿಯ ನಂತರದ ಒಂದು ವರ್ಷ, ನಮ್ಮ ಕಚೇರಿಗೆ ಕಮಲಾಪುರದಿಂದ ಒಬ್ಬ ಶಿಕ್ಷಕಿ ಬಂದರು. ಚಿಕ್ಕ ಪ್ರಕಟಣೆ ಹಾಕಿಸಬೇಕಿತ್ತು. ಹಳೆಯ ಮನೆಬಳಕೆಯ ಕಂಪ್ಯೂಟರುಗಳಿಗೆಂದು ಬರೆದು, ಮುಗಿಯದೆ, ಮಾರಾಟಕ್ಕೆ ಬಾರದೆ ಉಳಿದ ಆಟಗಳನ್ನು ಹುಡುಕಿ ಕಾಪಾಡುವ ಹವ್ಯಾಸಿಗಳು ಜಗತ್ತಿನಲ್ಲಿದ್ದಾರಂತೆ. ಕ್ಯಾಸೆಟ್ಟಿನ ಸದ್ದನ್ನು ಕಳಿಸಿದರೆ ಅದರಿಂದ ಆಟವನ್ನು ತೆಗೆದು, ಇಂದಿನ ಕಂಪ್ಯೂಟರಿನಲ್ಲಿ ಆಡುವಂತೆ ಮಾಡಿ, ಯಾರು ಬೇಕಾದರೂ ನೋಡಲು ಇಂಟರ್‌ನೆಟ್ಟಿನಲ್ಲಿ ಇಡುತ್ತಾರಂತೆ. ತಮ್ಮ ಬಳಿಯಿದ್ದ ಅರ್ಧ ಹೀಗೆ ಉಳಿಯಿತು. ಇನ್ನರ್ಧ ಕಲಬುರಗಿಯಲ್ಲಿ ಒಬ್ಬರ ಹತ್ತಿರ ಇರಬೇಕು, ಇದ್ದವರು ದಯವಿಟ್ಟು ತಿಳಿಸಬೇಕು. ಇಷ್ಟೇ ಪ್ರಕಟಣೆ.

ಓದಿ ಮುಗಿಸಿ ತಲೆಯೆತ್ತಿದೆ. ಜಡೆ ಈಗ ಒಂದೇ, ಕಿವಿಯ ಹತ್ತಿರ ಬಿಳಿ ಕೂದಲು.

“ಇದನ್ನ ಹಾಕೂದು ಬ್ಯಾಡ್ರಿ” ಎಂದೆ.

“ಯಾಕ್ರಿ? ಜಾಗ ಇಲ್ಲೇನು? ಎರಡು ಸಾಲಾದ್ರೂ ಹಾಕ್ರಿ.”

“ಕ್ಯಾಸೆಟ್ ನನ್ನ ಹತ್ರ ಅದರಿ.”

ಆಕೆ ನನ್ನ ಕೈಯಿಂದ ಪ್ರಕಟಣೆಯ ಹಾಳೆ ತೆಗೆದುಕೊಂಡು ಮಡಚಿದರು. ಆಮೇಲೆ, “ಟಾಂಗಾದವರು ನೀವೇನ್ರಿ?” ಎಂದರು. ಅವರ ದನಿಯಲ್ಲಿ ಗೌರವವೂ ಇತ್ತು, ಹಳೆಯ ಸಿಟ್ಟೂ ಇತ್ತು. “ನಿಮ್ಮ ಟಾಂಗಾ ಗಾಲಿ ಎಷ್ಟು ಬೈಸ್ಯಾವ ನನಗ, ಗೊತ್ತೇನ್ರಿ? ‘ಕಲಬುರಗಿ ಹುಡುಗನ ಗಾಲಿ ಗರಗರ ತಿರಗ್ತಾವ, ನಿನ್ನ ಎಮ್ಮಿ ಬಾಲ ಕಸಬರಗಿ ಕಡ್ಡಿ ಆಗ್ಯದ’ ಅಂತಿದ್ರು ಸರ. ಅದೆಷ್ಟು ಸಲ ಬಾಲ ಅಳಿಸಿ ಬರದೀನೋ! ಮನಿಗಿ ಹೋಗಿ ಅತ್ತೀನ್ರಿ, ಸುಳ್ಳಲ್ಲ. ಅಂವ ನಿನಗಿಂತ ಮುಂದ ಹೋಗ್ಯಾನ, ಅಂವ ನಿನಗಿಂತ ಮುಂದ… ಬರೇ ಇದೇ.”

ನನ್ನ ಗಾಲಿ ಎಂದೂ ತಿರುಗಿರಲಿಲ್ಲ. ಆ ಮಾತು ನಾಲಗೆಯ ತುದಿಯ ತನಕ ಬಂತು. ತಪ್ಪು ತಿದ್ದುವುದೇ ನನ್ನ ಉದ್ಯೋಗ. ಅಂದು ತಿದ್ದಲಿಲ್ಲ. ಸರ ತೀರಿಹೋದ ಮೇಲೆ ಅವರ ಬಾಯಿಂದ ನನಗೆ ಬಂದ ಒಂದೇ ಹೊಗಳಿಕೆ ಅದು, ಅದೂ ಸುಳ್ಳು. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ.

“ಅಸಲಿ ಕ್ಯಾಸೆಟ್?” ಎಂದು ಕೇಳಿದೆ.

“ವೈನಿಯವರ ಹತ್ರ ಹೋಗಿದ್ದೆರಿ. ಅವರಿಗಿ ನಿಮ್ಮ ಹೆಸರು ನೆನಪಿಲ್ಲ, ಪಕ್ಕದ ಮನಿ ತಮ್ಮ ಅಂದ್ರಷ್ಟ. ಅದರ ಮ್ಯಾಲ ಪುರಾಣ ರೆಕಾರ್ಡ್ ಮಾಡ್ಯಾರ. ಈಗ ನಿಮ್ಮದೊಂದೇ.”

ಮಾರನೇ ದಿನ ಟ್ರಂಕು ತೆಗೆದು ಕ್ಯಾಸೆಟ್ ತಂದೆ. ಆಕೆ ಎಲ್ಲಿಂದಲೋ ಟೇಪ್ ರೆಕಾರ್ಡರ್ ತಂದಿದ್ದರು. ಅವರಿಗೆ ಮೊದಲ ಸಲ ನನ್ನ ಕಲಬುರಗಿ ಕಾಣುವುದಿತ್ತು. ನನಗೆ ಮೊದಲ ಸಲ ಆಕೆಯ ಎಮ್ಮೆಯ ಪಕ್ಕದಲ್ಲಿ ನನ್ನದೂ ಒಂದು ಉಳಿಯುವುದಿತ್ತು. ಟೇಪ್ ತಿರುಗಿತು. ಕೀರಲು ದನಿ ಬಂತು. ಆದರೆ ಅದು ಗುಹೆಯೊಳಗಿಂದ ಬಂದಂತಿತ್ತು; ಪ್ರತಿ ಕೀರಲಿನ ಬೆನ್ನಿಗೆ ಅದೇ ಕೀರಲು, ಅದರ ಬೆನ್ನಿಗೆ ಮತ್ತೊಂದು.

ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಆ ಕಾಲದಲ್ಲಿ ಸ್ಟೇಶನ್ ಬಜಾರದ ಕ್ಯಾಸೆಟ್ ಅಂಗಡಿಗಳಲ್ಲಿ ಏನೇ ಕಾಪಿ ಮಾಡಿಸಿದರೂ ಎಕೋ ಹಾಕಿ ಕೊಡುವ ರೂಢಿ. ವಚನವಿರಲಿ, ಕವ್ವಾಲಿಯಿರಲಿ, ಗುಡಿಯೊಳಗೆ, ದರ್ಗಾದೊಳಗೆ ಹಾಡಿದಂತೆ ಕೇಳಬೇಕು, ಆಗಲೇ ಗಿರಾಕಿಗೆ ಸಮಾಧಾನ. ಬೇಕಾದವರಿಗೆ, ಮರ್ಯಾದಸ್ತರಿಗೆ ಇನ್ನೂ ಸ್ವಲ್ಪ ಹೆಚ್ಚು. ಸರ ಅವರಿಗೆ ಆ ಬಜಾರದಲ್ಲಿ ಬಹಳ ಮರ್ಯಾದೆ ಇತ್ತು.

“ದೊಡ್ಡ ಸಾಹೇಬ್ರು ಬಂದಾರ ಅಂತ ಕೈ ಬಿಚ್ಚಿ ಹಾಕ್ಯಾನ ನೋಡ್ರಿ” ಎಂದು ಆಕೆ ನಕ್ಕರು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆದರೂ ಆ ಸದ್ದನ್ನು ಹೊರದೇಶದ ಹವ್ಯಾಸಿಗಳಿಗೆ ಕಳಿಸಿದೆವು. ಅವರು ತಿಂಗಳುಗಟ್ಟಲೆ ಯತ್ನಿಸಿ, ಒಂದರ ಮೇಲೊಂದು ಬಿದ್ದ ಸದ್ದುಗಳನ್ನು ಬಿಡಿಸಲಾಗುತ್ತಿಲ್ಲ, ಕ್ಷಮಿಸಿ ಎಂದು ಬರೆದರು. ಅವರ ಪಟ್ಟಿಯಲ್ಲಿ ಮೊದಲನೇ ಭಾಗದ ಎದುರು ಆಕೆಯ ಹೆಸರಿದೆ, ಒತ್ತಿದರೆ ಆಟ ತೆರೆಯುತ್ತದೆ. ಎರಡನೇ ಭಾಗದ ಎದುರು ನನ್ನ ಹೆಸರಿದೆ. ಒತ್ತಿದರೆ ಏನೂ ಆಗುವುದಿಲ್ಲ.

ಆ ಬಗ್ಗೆ ಪತ್ರಿಕೆಯಲ್ಲಿ ಒಂದು ಸುದ್ದಿಯನ್ನೂ ನಾನೇ ಬರೆದೆ. ಮೊದಲ ಪ್ಯಾರಾದಲ್ಲಿ ಸರ, ಎರಡನೆಯದರಲ್ಲಿ ಆಕೆ. ವರದಿಗಾರ ತನ್ನ ವರದಿಯೊಳಗೆ ಬರಬಾರದು ಎಂಬ ನಿಯಮದಂತೆ ನಾನು ಬರಲಿಲ್ಲ. ಸುದ್ದಿ ಓದಿದ ಆಕೆ ಫೋನು ಮಾಡಿ ಜಗಳವಾಡಿದರು. “ನಿಮ್ಮದು ಯಾರೂ ನೋಡಿಲ್ಲ, ಅದಕ್ಕ ಅದು ಎಲ್ಲಕ್ಕಿಂತ ಚೆಂದ ಉಳಿತು ನೋಡ್ರಿ. ನನ್ನ ಎಮ್ಮಿನ್ನ ಜಗತ್ತೆಲ್ಲ ನೋಡಿ ಇಷ್ಟೇನಾ ಅನ್ನಾಕತ್ತದ.”

ನಾನು ಆಗಾಗ ಆ ಮೊದಲ ಭಾಗ ಆಡುತ್ತೇನೆ. ಎಮ್ಮೆಯನ್ನು ದಾಟುವುದು ಈಗ ಸುಲಭ. ಬಾಲ ಬೀಸುವುದನ್ನು ನೋಡಲೆಂದೇ ಒಂದಿಷ್ಟು ಹೊತ್ತು ಟೆಂಪೊ ನಿಲ್ಲಿಸುತ್ತೇನೆ. ಹೊಟ್ಟೆಕಿಚ್ಚು ಇನ್ನೂ ಹಾಗೆಯೇ ಇದೆ, ವಯಸ್ಸಾಗಿಲ್ಲ. ಸರ ನಮ್ಮಿಬ್ಬರಲ್ಲಿ ಯಾರನ್ನು ನಿಜವಾಗಿ ಮೆಚ್ಚಿದ್ದರು, ಮೆಚ್ಚಿದ್ದರೇ… ಕೇಳಲು ಅವರಿಲ್ಲ.

ಊರ ಹೊರಗೆ ಬಂದಾಗ ಟೆಂಪೊ ತಾನಾಗಿ ನಿಲ್ಲುತ್ತದೆ. ಪರದೆ ಕಪ್ಪಾಗಿ, ಚೌಕ ಚೌಕದ ಕನ್ನಡ ಅಕ್ಷರ ಮೂಡುತ್ತವೆ: ಎರಡನೇ ಕ್ಯಾಸೆಟ್ ಹಾಕಿರಿ. ಕೆಳಗೆ ಒಂದು ಪುಟ್ಟ ಚೌಕ ಮಿಣುಕುತ್ತ ಕಾಯುತ್ತದೆ. ನಾನು ಕಂಪ್ಯೂಟರ್ ಆರಿಸುವ ತನಕವೂ ಅದು ಕಾಯುತ್ತಲೇ ಇರುತ್ತದೆ.