ಮೊದಲು ಕಂಡ ಗಿಡ

ಅವರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಕಂಡ ಎಲೆಯನ್ನೆಲ್ಲ ಆ ಉಗುರಿನಿಂದ ಚಿವುಟಿ, ಹೊಸಕಿ, ಮೂಗಿಗೆ ಹಿಡಿದು, ಆಮೇಲೆಯೇ ಹೆಸರು ಹೇಳುವರು. ಸೋಪು ಹಚ್ಚಿ ತೊಳೆದರೂ ಹೋಗದ ಆ ಬಣ್ಣವನ್ನು ಕಂಡಾಗಲೆಲ್ಲ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ಈ ವಯಸ್ಸಿನಲ್ಲಿ ಮುಚ್ಚಿಡುವುದೇನು? ಅದು ಅಸೂಯೆ.

ತೊಂಬತ್ತರ ದಶಕದ ಕೊನೆಯಲ್ಲಿ ಅವರು ತಮಿಳು ಸೀಮೆಯ ತಾಂಬರಂನಲ್ಲಿದ್ದ ನಮ್ಮ ವಠಾರಕ್ಕೆ ಬಂದರು. ರೈಲ್ವೆಯಲ್ಲಿ ಹಳಿ ಪರೀಕ್ಷಿಸುತ್ತ ಮೂವತ್ತು ವರ್ಷ ನಡೆದು ನಿವೃತ್ತರಾದವರು. ಕೋಲಾರದ ಕಡೆಯ ಮಾತು. ಹಳಿಯ ಇಕ್ಕೆಲದ ಕುರುಚಲು ಕಾಡೇ ಅವರ ಪಾಠಶಾಲೆ. ನಾನಾದರೋ ಗುರುಮುಖದಿಂದ ಸಂಸ್ಕೃತ ಕಲಿತು, ಅದನ್ನೇ ಶಾಲೆಯಲ್ಲಿ ಕಲಿಸಿ, ಸುತ್ತಲಿನ ಕನ್ನಡದ ಮನೆಗಳಲ್ಲಿ ಪೂಜೆ ಮಾಡಿಸುತ್ತಿದ್ದವನು. ಗಣಪತಿಯ ಇಪ್ಪತ್ತೊಂದು ಪತ್ರೆಗಳ ಹೆಸರು ನನಗೆ ನಿದ್ದೆಯಲ್ಲೂ ತಪ್ಪುತ್ತಿರಲಿಲ್ಲ. ಆದರೆ ಸಿಂಧುವಾರವೆಂದರೆ ನಮ್ಮದೇ ಹಿತ್ತಿಲ ಬೇಲಿಯ ಲಕ್ಕಿಗಿಡವೆಂದು ತೋರಿಸಿಕೊಟ್ಟವರು ಅವರು. ಅದೂ ನನ್ನ ಮೊಮ್ಮಗಳ ಮುಂದೆ.

ಆ ಮಗು ನನ್ನ ಶ್ಲೋಕಪಾಠವನ್ನು ಅರ್ಧಕ್ಕೆ ಬಿಟ್ಟು ಅವರ ಹಿಂದೆ ಓಡುತ್ತಿತ್ತು. "ತಾತಾ, ಇದು ಎನ್ನ ಚೆಡಿ?" ಎಂದು ತಮಿಳಿನಲ್ಲಿ ಕೇಳಿದರೆ, "ಗಿಡ ಅನ್ನಮ್ಮಾ, ಗಿಡ. ಇದು ಉತ್ತರಾಣಿ. ನೀನು ಕರೀದಿದ್ರೂ ನಿನ್ ಲಂಗ ಹಿಡ್ಕೊಂಡು ಮನೆಗೇ ಬರ್ತದೆ ನೋಡು" ಎನ್ನುವರು. ನಾನು ಎರಡು ವರ್ಷ ಹೆಣಗಿದರೂ ಬಾರದ ಕನ್ನಡವನ್ನು ಅವಳು ಆ ಪೊದೆಗಳ ನಡುವೆ ಕಲಿತಳು.

ಅವರದೊಂದು ನಿಯಮವಿತ್ತು. ಹುಡುಕುತ್ತಿದ್ದ ಗಿಡ ಮೊದಲು ಕಂಡಲ್ಲಿ ಕೀಳುತ್ತಿರಲಿಲ್ಲ. ಅದಕ್ಕೆ ಕೈಮುಗಿದು, ಅದೇ ಜಾತಿಯ ಇನ್ನೊಂದನ್ನು ಅರಸಿ ಹೋಗುವರು. "ಇವ್ರು ಮನೆ ಯಜಮಾನ್ರು ಸ್ವಾಮಿ. ಬಾಗ್ಲಲ್ಲಿ ನಿಂತೋರನ್ನೇ ಎತ್ಕೊಂಡು ಹೋಗ್ತಾರಾ ಯಾರಾದ್ರೂ?" ಯಾವ ಶಾಸ್ತ್ರದಲ್ಲಿದೆ ಇದು ಎಂದು ನಾನು ಕೇಳಿದ್ದುಂಟು. ನಕ್ಕು ಮುಂದಿನ ಪೊದೆಯತ್ತ ನಡೆದಿದ್ದರು.

ಚೌತಿಯ ಪತ್ರೆಗಳನ್ನು ಅವರೇ ತರುತ್ತಿದ್ದರು. ಅವರು ಸಾಲಾಗಿ ಜೋಡಿಸಿಟ್ಟದ್ದನ್ನು ನಾನು ಹೆಸರು ಹೇಳುತ್ತ, ನೋಡದೆಯೇ ಎತ್ತಿ ಅರ್ಪಿಸುತ್ತಿದ್ದೆ. ವಡಪಳನಿಯಿಂದ ನಮ್ಮ ವಠಾರದ ಪೂಜೆಗೆ ಬರುತ್ತಿದ್ದವರು ಕೂಡ ನನಗೆ ನಮಸ್ಕರಿಸಿ, ಮಾತಿಗೆ ಅವರ ಬಳಿ ಹೋಗಿ ಕೂರುವರು. ಒಂದು ವರ್ಷ ತಡೆಯಲಾರದೆ, ಈ ಸಲ ಪತ್ರೆಗಳನ್ನು ನಾನೇ ತರುತ್ತೇನೆಂದು ಸಾರಿದೆ.

"ವಿಷ್ಣುಕ್ರಾಂತ ಹೇಗಿರುತ್ತೆ ಗೊತ್ತೇನ್ರೀ? ಅವರನ್ನೊಂದು ಮಾತು ಕೇಳಬಾರದೆ?" ಎಂದಳು ನನ್ನ ಹೆಂಡತಿ.

"ಐವತ್ತು ವರ್ಷದಿಂದ ಆ ಹೆಸರು ಹೇಳ್ತಿದೀನಿ. ನನಗೆ ಗೊತ್ತಿಲ್ವೆ?" ಎಂದು ರೇಗಿದೆ.

ಹಿತ್ತಿಲು, ಪೇಟೆ ಅಲೆದು ಇಪ್ಪತ್ತನ್ನು ಹೇಗೋ ಕೂಡಿಸಿದೆ. ವಿಷ್ಣುಕ್ರಾಂತಕ್ಕೆಂದು ಕತ್ತರಿ ಹಿಡಿದು ಹಳಿಯಾಚೆಯ ಬಯಲಿಗೆ ಹೋದೆ. ಪೊದೆಯೊಂದರ ಮೇಲೆ ಹಬ್ಬಿ ಅರಳಿದ್ದ ನೀಲಿ ಹೂವಿನ ಬಳ್ಳಿ ಕಂಡಿತು. ವಿಷ್ಣುವಿನ ಬಣ್ಣವೇ, ಇದೇ ಸರಿ ಎಂದು ಕತ್ತರಿಸಿ ತಂದೆ.

ಪೂಜೆಯಲ್ಲಿ ವಿಷ್ಣುಕ್ರಾಂತದ ಸರದಿ ಬಂದಾಗ ಬಾಳೆಲೆಯತ್ತ ಕೈ ಚಾಚಿದೆ. ನನ್ನ ಬಳ್ಳಿ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ರೇಷ್ಮೆಯಂಥ ನಯವಾದ ರೋಮವಿದ್ದ ಪುಟ್ಟ ಎಲೆಗಳ ಕುಡಿಯೊಂದು, ಉಗುರಿನಷ್ಟೂ ಇಲ್ಲದ ನೀಲಿ ಹೂವಿನೊಡನೆ ಮಲಗಿತ್ತು. ನೆಲಕ್ಕಂಟಿ ಬೆಳೆಯುವ ಅದನ್ನು ಎಷ್ಟು ಸಲ ತುಳಿದು ನಡೆದಿದ್ದೆನೋ! ಕಾಂಡದ ತುದಿಯಲ್ಲಿ ಉಗುರಿನಿಂದ ಚಿವುಟಿದ ಗುರುತಿತ್ತು. ತಿರುಗಿ ನೋಡಿದೆ. ಅವರು ಕೊನೆಯ ಸಾಲಿನಲ್ಲಿ ಕಣ್ಣು ಮುಚ್ಚಿ ಕುಳಿತಿದ್ದರು.

"ಇಪ್ಪತ್ತೊಂದೂ ನೀವೇ ಹುಡುಕಿ ತಂದ್ರಂತೆ!" ಎಂದರು ಕೀಲ್ಪಾಕಿನಿಂದ ಬಂದಿದ್ದ ಬ್ಯಾಂಕಿನವರೊಬ್ಬರು, ಪ್ರಸಾದ ತೆಗೆದುಕೊಳ್ಳುತ್ತ.

"ಹೌದು" ಎಂದೆ. ಪಕ್ಕದಲ್ಲೇ ಪಾನಕ ಹಂಚುತ್ತಿದ್ದ ಅವರು ತಲೆ ಎತ್ತಲಿಲ್ಲ.

ಎಲ್ಲರೂ ಹೋದ ಮೇಲೆ ಮೆಟ್ಟಿಲ ಬಳಿ ಅವರನ್ನು ತಡೆದೆ. "ಮೊದಲೇ ನನಗೆ ಹೇಳಬಾರದಿತ್ತೆ?"

"ಎಲ್ರ ಮುಂದೆ ಹ್ಯಾಗೆ ಸ್ವಾಮಿ? ನಿಮ್ದೂ ಚೆನ್ನಾಗೇ ಇತ್ತು. ಆಡು ಮಾತ್ರ ಮೂಸಲ್ಲ, ಅಷ್ಟೇ" ಎಂದು ನಕ್ಕರು.

ಆ ನಗುವಿನಲ್ಲಿ ಕೊಂಕಿದ್ದಿದ್ದರೆ ಅವರನ್ನು ದ್ವೇಷಿಸುವುದು ಸುಲಭವಾಗುತ್ತಿತ್ತು. ತಿಳಿವಳಿಕೆಯಲ್ಲಿ ಸೋತದ್ದನ್ನು ಹೇಗೋ ನುಂಗಬಹುದಿತ್ತು. ಒಳ್ಳೆಯತನದಲ್ಲೂ ಅವರೇ ಮೇಲಾದರಲ್ಲ ಎಂಬುದು ವರ್ಷಗಟ್ಟಲೆ ಸುಟ್ಟಿತು. ಮರುವರ್ಷದಿಂದ ಮತ್ತೆ ಅವರೇ ಪತ್ರೆ ತಂದರು. ಆದರೂ ನಾನು ಆಡಿದ ಆ "ಹೌದು" ಎಂಬ ಸುಳ್ಳನ್ನು ತಿದ್ದಲಿಲ್ಲ.

ಒಂದು ಆಷಾಢದಲ್ಲಿ ಅವರು ಎದೆನೋವಿನಿಂದ ಒಂದೇ ದಿನದಲ್ಲಿ ತೀರಿಕೊಂಡರು. ಕೊನೆಯ ದರ್ಶನಕ್ಕೆ ಹೋದಾಗ ನನ್ನ ಕಣ್ಣು ಮೊದಲು ಹೋದದ್ದು ಆ ಉಗುರಿಗೆ. ಹಸಿರು ಹಾಗೆಯೇ ಇತ್ತು.

ಆ ವರ್ಷದ ಚೌತಿಗೆ ಮೊಮ್ಮಗಳೊಡನೆ ಬಯಲಿಗೆ ಹೋದೆ. ಕತ್ತರಿ ಒಯ್ಯಲಿಲ್ಲ. ಅರ್ಧ ಬಯಲು ಮನೆಗಳಾಗಿತ್ತು. ಇಪ್ಪತ್ತು ಪತ್ರೆಗಳನ್ನು ಅವಳೇ ತೋರಿಸಿದಳು. ಕೊನೆಗೆ ವಿಷ್ಣುಕ್ರಾಂತ ನನ್ನ ಕಾಲ ಬಳಿಯೇ ಕಂಡಿತು. ಒಂದೇ ಗಿಡ. ಮಧ್ಯಾಹ್ನದವರೆಗೆ ಬಗ್ಗಿ ಬಗ್ಗಿ ಹುಡುಕಿದರೂ ಎರಡನೆಯದು ಸಿಗಲಿಲ್ಲ. ಮೊಮ್ಮಗಳು ನನ್ನ ಮುಖ ನೋಡಿದಳು. ಗಿಡಕ್ಕೆ ಕೈಮುಗಿದು ಹಿಂದಿರುಗಿದೆವು.

ಪೂಜೆಯಲ್ಲಿ ಆ ಹೆಸರು ಹೇಳಿ ಅಕ್ಷತೆ ಹಾಕಿದಾಗ, "ಯಾಕೆ, ಒಂದು ಸಿಗ್ಲಿಲ್ವಾ?" ಎಂದರು ಅದೇ ಬ್ಯಾಂಕಿನವರು.

"ಸಿಕ್ಕಿತು. ಯಜಮಾನರು ಒಬ್ಬರೇ ಇದ್ದರು, ಬಿಟ್ಟು ಬಂದೆ" ಎಂದೆ. ಬಳಿಕ ಎಲ್ಲರಿಗೂ ಕೇಳುವಂತೆ ಹೇಳಿದೆ: "ಎಲ್ಲ ನಾನೇ ತಂದೆ ಎಂದಿದ್ದ ಆ ವರ್ಷ ಕೂಡ ನಾನು ತಂದದ್ದು ಇಪ್ಪತ್ತೇ. ಇನ್ನೊಂದನ್ನು ತಂದವರು ಅವರು."

ಪೂಜೆ ಮುಗಿಸಿ ಕೈ ನೋಡಿಕೊಂಡೆ. ಪತ್ರೆ ಚಿವುಟುವಾಗ ಹೆಬ್ಬೆರಳಿಗೆ ಹತ್ತಿದ್ದ ಹಸಿರು ಮೊದಲ ನೀರಿಗೇ ಹೋಗಿಬಿಟ್ಟಿತ್ತು.