ಅಂಬಿಗನ ಪುಸ್ತಕಕ್ಕೆ ಬ್ಯಾಡಗಿ ಅತ್ತ ಸಂಜೆ

ಸಂಜೆ ಐದು ಗಂಟೆ ಹತ್ತು ನಿಮಿಷಕ್ಕೆ, ಮುಂದಿನ ಸಾಲಿನಲ್ಲಿ ಕುಳಿತಿದ್ದ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ಮಾತಾಡುತ್ತಿದ್ದ ಅಪ್ಪನ ತಲೆಯ ಮೇಲೆಯೇ ಗಡಿಯಾರವಿತ್ತು, ಅದಕ್ಕೇ ಹೊತ್ತು ಅಷ್ಟು ಸರಿಯಾಗಿ ನೆನಪಿದೆ. ಅಪ್ಪ ಮಾತು ಶುರುಮಾಡಿ ಐದಾರು ವಾಕ್ಯ ಆಗಿತ್ತು ಅಷ್ಟೆ. ಕಥೆಯಲ್ಲಿ ಅಳುವಂಥದ್ದು ಇನ್ನೂ ಏನೂ ಬಂದಿರಲಿಲ್ಲ. ನಾನು ಎದ್ದು ಕೂಗಬೇಕಾಗಿದ್ದ ನಿಮಿಷ ಅದು. ಇಷ್ಟು ವರ್ಷಗಳಿಂದ ಮನಸ್ಸಿನಲ್ಲಿ ಆ ಕುರ್ಚಿಯಿಂದ ಏಳುತ್ತಲೇ ಇದ್ದೇನೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾವು ರಾಣೆಬೆನ್ನೂರಿನವರು. ಅಪ್ಪ ನಿವೃತ್ತ ಕನ್ನಡ ಮಾಸ್ತರ. ನಾನು ಹಾವೇರಿಯಲ್ಲಿ ಬಿ.ಎ. ಮುಗಿಸಿ ಅಲ್ಲಿಯ ಒಂದು ಕಚೇರಿಗೆ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದೆ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರೇ. ನಡುವಿನ ಊರಾದ ಬ್ಯಾಡಗಿಯಲ್ಲಿ ಒಂದು ಓದುಗರ ಬಳಗವಿತ್ತು. ತಿಂಗಳಿಗೊಂದು ರವಿವಾರ ಯಾರಾದರೊಬ್ಬರು ನಿಂತು, ಎಲ್ಲರೂ ಓದಲೇಬೇಕಾದ ಪುಸ್ತಕ ಯಾವುದು, ಯಾಕೆ ಎಂದು ಹೇಳಬೇಕು. ಫೆಬ್ರವರಿಯ ಸರದಿ ಅಪ್ಪನಿಗೆ ಬಂತು.

ಅಪ್ಪನ ಪುಸ್ತಕಕ್ಕೆ ಹೆಸರೇ ಇರಲಿಲ್ಲ. ರಾಣೆಬೆನ್ನೂರಿನ ರದ್ದಿ ಅಂಗಡಿಯಲ್ಲಿ ಸಿಕ್ಕಿದ್ದು ಅದು. ಮುಂದಿನ ಹಾಳೆಗಳು, ಹಿಂದಿನ ಹಾಳೆಗಳು ಯಾವತ್ತೋ ಶೇಂಗಾ ಕಟ್ಟಲು ಹೋಗಿದ್ದವು. ಬರೆದವರು ಯಾರೆಂದು ಗೊತ್ತಿಲ್ಲ. ಉಳಿದ ನಡುವಿನ ಭಾಗವನ್ನು ಅಪ್ಪ ಎಷ್ಟು ಸಲ ಓದಿದ್ದನೋ.

"ಹೆಸರ ಗೊತ್ತಿಲ್ಲದ ಪುಸ್ತಕ ಓದ್ರಿ ಅಂತ ಮಂದಿಗೆ ಹೆಂಗ ಹೇಳ್ತಿ ಅಪ್ಪಾ?" ಎಂದೆ.

"ಹೆಸರು ಗೊತ್ತಿದ್ದ ಪುಸ್ತಕ ಎಷ್ಟ ಮಂದಿ ಓದ್ಯಾರ ಯವ್ವಾ?"

ನನ್ನ ಚಿಂತೆ ಪುಸ್ತಕದ್ದಾಗಿರಲಿಲ್ಲ. ಅಪ್ಪನಿಗೆ ದಮ್ಮು. ಚಳಿಗಾಲದಲ್ಲಿ ಎರಡು ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಪುಂಗಿ ಊದಿದ ಸಪ್ಪಳ ಬರುತ್ತಿತ್ತು. ನಮ್ಮ ಡಾಕ್ಟರು ಕೈಮುಗಿದೇ ಹೇಳಿದ್ದರು: "ಮಾಸ್ತರ್ರ, ಮೆಣಸಿನಕಾಯಿ ಸುಗ್ಗ್ಯಾಗ ಬ್ಯಾಡಗಿ ಅಂದ್ರ ನಿಮ್ಮ ದಮ್ಮಿಗೆ ಅತ್ತೀಮನಿ, ಹೊಕ್ಕರ ಹೊಂಡೂದಿಲ್ಲ. ಬ್ಯಾರೆ ತಿಂಗಳ ಹೋಗ್ರಿ." ಅಪ್ಪ ಕೇಳಲಿಲ್ಲ. ಮುಂದಿನ ಸರದಿ ಬರುವಷ್ಟರಲ್ಲಿ ತಾನು ಇರುತ್ತೇನೋ ಇಲ್ಲವೋ ಎಂದ. ಗುಳಿಗೆಯ ಡಬ್ಬಿ ನನ್ನ ಕೈಚೀಲಕ್ಕೆ ಹಾಕಿಕೊಂಡು ನಾನೂ ಹೊರಟೆ.

ಬಳಗ ಸೇರುತ್ತಿದ್ದದ್ದು ಅಧ್ಯಕ್ಷರ ಮೆಣಸಿನಕಾಯಿ ಗೋದಾಮಿನ ಅಟ್ಟದ ಮೇಲೆ. ಹಲಗೆಯ ನೆಲ, ಸರಳು ಹಾಕಿದ ಒಂದೇ ಕಿಟಕಿ, ಒಂದೇ ಬಾಗಿಲು. ಬಾಗಿಲಿನ ವಿಷಯದಲ್ಲಿ ಅವರದೊಂದು ಪದ್ಧತಿಯಿತ್ತು. ಮೊದಲೆಲ್ಲ ಸಭೆಯ ನಡುವೆ ಮಿರ್ಚಿ-ಮಂಡಕ್ಕಿ ಕೊಡುತ್ತಿದ್ದರಂತೆ. ತಿಂದವರು ಕೈ ತೊಳೆಯುವ ನೆಪದಲ್ಲಿ ಇಳಿದುಹೋಗಿ ಮತ್ತೆ ಹತ್ತುತ್ತಿರಲಿಲ್ಲವಂತೆ. ಒಂದು ಸಲ ವಂದನಾರ್ಪಣೆಯನ್ನು ಖಾಲಿ ಕುರ್ಚಿಗಳಿಗೇ ಸಲ್ಲಿಸಬೇಕಾಯಿತಂತೆ. ಅಂದಿನಿಂದ ಮಂಡಕ್ಕಿ ಕಡೆಗೆ. ಅಲ್ಲಿಯ ತನಕ ಬಾಗಿಲಿಗೆ ಹೊರಗಿನಿಂದ ಚಿಲಕ. ಖಾನಾವಳಿಯವ ಬುಟ್ಟಿ ಹೊತ್ತು ಬಂದಾಗಲೇ ತೆಗೆಯುವುದು. ಸಾಹಿತ್ಯ ಉಳಿಯಬೇಕಾದರೆ ಇಷ್ಟಾದರೂ ಬೇಕು ಎನ್ನುತ್ತಿದ್ದರು ಅಧ್ಯಕ್ಷರು.

ಅವತ್ತು ಕೆಳಗೆ ಗೋದಾಮಿನ ಚೀಲಗಳ ಹಿಂದೆ ಎಲ್ಲೋ ಕಿಡಿ ಬಿದ್ದಿತ್ತು. ಬೀಡಿ ಎಂದರು, ವಾಯರು ಎಂದರು, ಇವತ್ತಿಗೂ ಗೊತ್ತಿಲ್ಲ. ಉರಿಯಿಲ್ಲದೆ ಮೆಣಸಿನಕಾಯಿ ಒಳಗೊಳಗೇ ಕರಕಾಗುತ್ತಿತ್ತು. ಘಾಟು ಹಲಗೆಯ ಸಂದಿಯಿಂದ ಸಾವಕಾಶ ಮೇಲೆ ಬಂತು. ಅಪ್ಪ ನಿಂತಿದ್ದು ಕಿಟಕಿಯ ಪಕ್ಕ. ಹೊರಗಿನ ಗಾಳಿ ಅವನ ಬೆನ್ನಿಗೇ ಬೀಸುತ್ತಿದ್ದುದರಿಂದ ಅವನಿಗೆ ಏನೂ ಹತ್ತಲಿಲ್ಲ. ಅವನಿಗೆ ಕಂಡದ್ದು ಎದುರಿಗೆ ಕಣ್ಣೀರು ಸುರಿಸುತ್ತಿದ್ದ ಸಭೆ ಮಾತ್ರ.

ಕಥೆ ಇಷ್ಟು: ಹೊಳೆಯ ದಂಡೆಯಲ್ಲಿ ಒಬ್ಬ ಅಂಬಿಗ. ದಿನಾ ಸಂಜೆ ಆಚೆ ದಂಡೆಯಿಂದ ಯಾರೋ "ದೋಣಿ ತಾರೋ" ಎಂದು ಕೂಗುತ್ತಾರೆ. ಇವನು ಹುಟ್ಟು ಹಾಕಿಕೊಂಡು ಹೋದರೆ ಅಲ್ಲಿ ಯಾರೂ ಇರುವುದಿಲ್ಲ. ಹೆಂಡತಿ ನಗುತ್ತಾಳೆ, ಊರು ನಗುತ್ತದೆ, ಇವನು ಮಾತ್ರ ಹೋಗುವುದು ಬಿಡುವುದಿಲ್ಲ.

ಹೆಂಡತಿ ನಕ್ಕಳು ಎಂಬಲ್ಲಿಗೆ ಎರಡನೆಯ ಸಾಲು ಬಿಕ್ಕತೊಡಗಿತು. ಮೂವತ್ತು ವರ್ಷ ಪಾಠ ಹೇಳಿದರೂ ಅಪ್ಪನೆದುರು ಒಬ್ಬ ಹುಡುಗನೂ ಅತ್ತಿರಲಿಲ್ಲ, ಛಡಿ ಏಟು ತಿಂದವರನ್ನು ಬಿಟ್ಟರೆ. ಅಪ್ಪನ ದನಿ ಏರಿತು. ಐದು ವಾಕ್ಯದಲ್ಲಿ ಹೇಳಬೇಕಾಗಿದ್ದನ್ನು ಹತ್ತು ವಾಕ್ಯಕ್ಕೆ ಹಿಗ್ಗಿಸಿದ. ಹೊಳೆಯ ವರ್ಣನೆಯನ್ನು ಎರಡನೆಯ ಸಲ ಮಾಡಿದ.

ನಾನು ಕೆಮ್ಮಿದೆ. ಪಕ್ಕದಲ್ಲಿದ್ದ ಹೆಣ್ಣುಮಗಳು, ಅಲ್ಲಿಯ ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು, ಕಣ್ಣೀರು ಇಳಿಯುತ್ತಿದ್ದಂತೆಯೇ ನನ್ನ ಕಡೆ ಕನಿಕರದಿಂದ ನೋಡಿದರು.

"ಹೊರಗಿನವರೇನ್ರಿ?"

"ರಾಣೆಬೆನ್ನೂರ್ರಿ. ಅಕ್ಕಾರ, ಇದು ಮೆಣಸಿನಕಾಯಿ ಘಾಟ ಅಲ್ರ್ಯಾ?"

"ನಮ್ಮ ಕಾಯಿ ಬಣ್ಣದ್ದು, ಖಾರದ್ದಲ್ಲ. ಅದರ ಘಾಟ ಯಾರಿಗೂ ಹತ್ತೂದಿಲ್ಲ," ಎಂದು ಅವರು ಮೂಗೊರೆಸಿಕೊಂಡರು. "ನಾವು ಕಥೀಗೆ ಅಳಾಕತ್ತೇವಿ."

ನಾವೆಲ್ಲ ಅಲ್ಲಿ ಸಿಕ್ಕಿಬಿದ್ದದ್ದು ಇದರಲ್ಲೇ. ಬ್ಯಾಡಗಿಯವರು ಮೆಣಸಿನಕಾಯಿಗೆ ಕೆಮ್ಮುವುದಿಲ್ಲ. ಕೆಮ್ಮಿದರೆ ಊರಿನ ಕಾಯಿಗೆ ಅವಮಾನ. ಅದರಲ್ಲೂ ಅಧ್ಯಕ್ಷರ ಗೋದಾಮಿನ ಮೇಲೆ ಕುಳಿತು, ಅಧ್ಯಕ್ಷರ ಎದುರು ಕೆಮ್ಮುವವರು ಯಾರು? ಅಧ್ಯಕ್ಷರೋ ಟೊಮೆಟೊದಂತೆ ಕೆಂಪಾಗಿ, ಉಸಿರು ಹಿಡಿದು, ನಗುಮುಖದಿಂದ ಕುಳಿತಿದ್ದರು.

ನಾನು ಬಗ್ಗಿಕೊಂಡೇ ಹೋಗಿ ಬಾಗಿಲು ದೂಡಿದೆ. ಚಿಲಕ. ಅಧ್ಯಕ್ಷರ ಕಿವಿಯಲ್ಲಿ, "ಸಾವಕಾರ್ರ, ಹೊಗಿ ಬರಾಕತ್ತೈತ್ರಿ, ಬಾಗಲಾ ತಗಿಸ್ರಿ" ಎಂದೆ.

"ಹೊಗಿ ಅಲ್ಲ ತಂಗಿ, ಧೂಳ. ಸುಗ್ಗಿ ಅಲ್ಲೇನ? ಕುಂದ್ರು. ಮಂಡಕ್ಕಿ ಇನ್ನೂ ಬಂದಿಲ್ಲ."

ಹಾಗೆನ್ನುತ್ತಲೇ ಅವರು ಬಲಗಾಲನ್ನು ಕುರ್ಚಿಯ ಮೇಲೆ ಎತ್ತಿಟ್ಟುಕೊಂಡರು. ಚಪ್ಪಲಿಗಳೆಲ್ಲ ಬಾಗಿಲ ಬಳಿ ಇದ್ದವು. ಸ್ವಲ್ಪ ಹೊತ್ತಿಗೆ ಎಡಗಾಲೂ ಮೇಲೆ ಬಂತು. ಪಕ್ಕದವರು ಅವರನ್ನು ನೋಡಿ ಎತ್ತಿಕೊಂಡರು. ಆಮೇಲೆ ಇಡೀ ಸಾಲು, ಅದರ ಹಿಂದಿನ ಸಾಲು. ಮನೆಯಲ್ಲಿ ಕಸ ಹೊಡೆಯಲು ಬಂದಾಗ ಕಾಲು ಎತ್ತಿಕೊಳ್ಳುತ್ತೇವಲ್ಲ, ಹಾಗೆ. ಕುರ್ಚಿಗಳ ಕೆಳಗಿನ ಹಲಗೆ ರೊಟ್ಟಿಯ ಹಂಚಿನಂತೆ ಬಿಸಿಯಾಗುತ್ತಿತ್ತು. ಕಿಟಕಿಯ ಕಡೆ, ಅಪ್ಪನ ಕಾಲಡಿಗೆ, ಕಾವು ಇನ್ನೂ ಮುಟ್ಟಿರಲಿಲ್ಲ. ಸಭೆ ಪದ್ಮಾಸನ ಹಾಕಿಕೊಂಡು ಅಳುತ್ತ ಕೇಳುತ್ತಿತ್ತು. ಅಪ್ಪನಿಗೆ ಅದು ಭಕ್ತಿಯಂತೆ ಕಂಡಿರಬೇಕು.

ನಾನು ಕೂಗಿದೆ: "ಬೆಂಕಿ! ಅಪ್ಪಾ, ಕೆಳಗ ಬೆಂಕಿ ಬಿದ್ದೈತಿ!"

ಅಪ್ಪ ಕೈ ಎತ್ತಿ, "ಪ್ರಶ್ನೆ ಏನಿದ್ರೂ ಕಡೀಗೆ ಕೇಳ್ರಿ" ಎಂದ. ಮುಂದುವರಿಸಿದ. "ಅವತ್ತ ಹೊಳಿ ತುಂಬಿ ಹರಿಯಾಕತ್ತಿತ್ತು. ಅಂಬಿಗ ಹೋದ. ಈ ಸಲ ಆಚೀ ದಂಡ್ಯಾಗ ಖರೇನ ಒಬ್ಬಾಕಿ ನಿಂತಿದ್ಲು. ಆಕಿ ಯಾರಂದ್ರ—"

ಬಾಗಿಲು ತೆರೆಯಿತು. ಕೆಂಗಪ್ಪು ಹೊಗೆಯ ನಡುವೆ ಖಾನಾವಳಿಯವ ತಲೆಯ ಮೇಲೆ ಬುಟ್ಟಿ ಹೊತ್ತು ನಿಂತಿದ್ದ.

"ಸಾವಕಾರ್ರ, ಕೆಳಗ ಗೋದಾಮಿಗೆ ಬೆಂಕಿ ಹತ್ತೈತ್ರಿ. ಮಂಡಕ್ಕಿ ಇಲ್ಲೇ ಕೊಡ್ಲ್ಯೋ, ಹೊರಗ ಕೊಡ್ಲ್ಯೋ?"

ಆಗ ಎಲ್ಲರೂ ಒಟ್ಟಿಗೇ ಕೆಮ್ಮಿದರು. ಅಷ್ಟು ಹೊತ್ತಿನಿಂದ ತಡೆದಿಟ್ಟಿದ್ದ ಊರಿನ ಮಾನವೆಲ್ಲ ಒಂದೇ ಉಸಿರಿಗೆ ಹೊರಬಿತ್ತು. ಚಪ್ಪಲಿ ಬಿಟ್ಟು, ಶಾಲು ಬಿಟ್ಟು ಮೆಟ್ಟಿಲಿಗೆ ನುಗ್ಗಿದರು. ಅಷ್ಟರಲ್ಲೂ ನನ್ನ ಹಿಂದೆ ಒಬ್ಬರು, "ಇಂದಿನ ಈ ಸುಂದರ ಕಾರ್ಯಕ್ರಮಕ್ಕ" ಎಂದು ಕೆಮ್ಮುತ್ತ ವಂದನಾರ್ಪಣೆ ಶುರುಮಾಡಿದ್ದರು. ಅವತ್ತು ಅದು ಅವರ ಸರದಿಯಾಗಿತ್ತು.

ಕಿಟಕಿ ಬಿಟ್ಟು ಬಂದೊಡನೆ ಘಾಟು ಅಪ್ಪನ ಎದೆಗೆ ಹೊಕ್ಕಿತು. ನಡುಮೆಟ್ಟಿಲಲ್ಲಿ ಕುಸಿದು ಕುಳಿತ. ಬಾಯಿ ತೆರೆದಿತ್ತು, ಸಪ್ಪಳ ಮಾತ್ರ ಇಲ್ಲ. ಪುಂಗಿಯ ಸಪ್ಪಳವೂ ಇಲ್ಲ. ನಾನು ಡಬ್ಬಿ ತೆಗೆಯಲು ಹೋಗಿ ಗುಳಿಗೆಗಳನ್ನೆಲ್ಲ ಮೆಟ್ಟಿಲ ಮೇಲೆ ಚೆಲ್ಲಿದೆ. ಕಣ್ಣು ಬಿಡಲಾಗದೆ ಕೈಯಿಂದ ಅವನ ಮುಖ ತಡವುತ್ತಿದ್ದೆ, ತುಟಿ ತಣ್ಣಗಿತ್ತು. ಆ ತಣ್ಣಗಿನದು ನನ್ನ ಬೆರಳಲ್ಲಿ ಈಗಲೂ ಇದೆ. ಕೆಳಗಿನಿಂದ ಒಬ್ಬ ಹಮಾಲ ಬಂದು, ಅಪ್ಪನನ್ನು ಚೀಲದಂತೆ ಬೆನ್ನಿಗೆ ಹಾಕಿಕೊಂಡು ಇಳಿದ. ರೂಢಿಯಂತೆ ತೂಕದ ಕಾಟಾದ ಮೇಲೆಯೇ ಇಳಿಸಿದ. ನೆರೆದವರೆಲ್ಲ ಒಂದು ಕ್ಷಣ ಮುಳ್ಳಿನ ಕಡೆ ನೋಡಿದ್ದು ಸುಳ್ಳಲ್ಲ. ಅಲ್ಲಿ, ಕಾಟಾದ ಮೇಲೆ, ಅಪ್ಪ ಮೊದಲ ಉಸಿರು ಎಳೆದ. ಎಳೆದವನು ಹೇಳಿದ್ದು ನನ್ನ ಹೆಸರಲ್ಲ. "ಅಂಬಿಗ…" ಎಂದ.

ಆಸ್ಪತ್ರೆಯಿಂದ ಅಪ್ಪ ಜೀವಂತ ಮನೆಗೆ ಬಂದ. ಯಾರೂ ಸಾಯಲಿಲ್ಲ. ಆದರೆ ನಮ್ಮ ಮನೆಯಿಂದ ನಿದ್ದೆ ಹೋಯಿತು. ಅಪ್ಪನ ಉಸಿರು ಇದೆಯೋ ಇಲ್ಲವೋ ಎಂದು ನಾನು ಎದ್ದು ಕೇಳುತ್ತಿದ್ದೆ. ಬಾಗಿಲಿಗೆ ಚಿಲಕ ಹಾಕಲು ಕೈ ಬರುತ್ತಿರಲಿಲ್ಲ. ಹಾಕದಿದ್ದರೆ ಕಳ್ಳರ ಭಯ. ಹಾಗಾಗಿ ತೆರೆದ ಬಾಗಿಲನ್ನೇ ಕಾಯುತ್ತ ಕೂರುತ್ತಿದ್ದೆ. ಅಪ್ಪನೂ ಎಚ್ಚರ. ಅವನ ಸಂಕಟ ಬೇರೆ.

"ಮಾತು ಅರ್ಧಕ್ಕ ನಿಂತೈತವ್ವಾ. ಮಂದಿ ಅಷ್ಟ ಅತ್ತರು, ಆಕಿ ಯಾರಂತ ಹೇಳಾಕ ಆಗಲಿಲ್ಲ."

ಇತ್ತ ಬ್ಯಾಡಗಿಯಲ್ಲಿ ಸುದ್ದಿ ಪಕ್ಕಾ ಆಗಿತ್ತು. ಕೆಳಗೆ ಬೆಂಕಿ ಬಿದ್ದರೂ ಗೊತ್ತಾಗದಷ್ಟು ಅಳಿಸಿದ ಪುಸ್ತಕ! ಘಾಟಿಗೆ ಅತ್ತೆವು ಎಂದು ಒಪ್ಪಿಕೊಳ್ಳುವುದಕ್ಕಿಂತ ಇದು ಮರ್ಯಾದೆಯ ಮಾತು. ಹಾವೇರಿಯ ಅಂಗಡಿಗಳಿಗೆ ಜನ ಹೋಗಿ, "ಆ ಅಳೋ ಪುಸ್ತಕ ಕೊಡ್ರಿ" ಎಂದು ಕೇಳತೊಡಗಿದರು. ಒಬ್ಬ ಅಂಗಡಿಕಾರ ಮಾರಾಟವಾಗದೆ ಉಳಿದಿದ್ದ ದಪ್ಪ ಪುಸ್ತಕವೊಂದನ್ನು, ಬಹುಶಃ ಬೇಸಾಯದ್ದು, ಇದೇ ಅದು ಎಂದು ಮಾರಿದನಂತೆ. ರೈಲಿನಲ್ಲಿ ಅಗಡಿ ಊರಿನ ಹಿರಿಯರೊಬ್ಬರು ನನಗೆ ಗುಟ್ಟಾಗಿ ಹೇಳಿದರು: "ಪೂರಾ ಓದಿದೆ ತಂಗಿ. ಕಣ್ಣಾಗ ಒಂದ ಹನಿ ಬರಲಿಲ್ಲ. ನನ್ನ ಎದಿ ಕಲ್ಲಾಗೈತೋ ಏನೋ."

ಅಪ್ಪ ಮತ್ತೆ ಬ್ಯಾಡಗಿಗೆ ಹೋಗುತ್ತೇನೆಂದಾಗ ಇಡೀ ವಾರ ಜಗಳಾಡಿದೆ. ಕಡೆಗೆ ಕರಾರಿಗೆ ಬಂದೆವು: ಸುಗ್ಗಿ ಮುಗಿದ ಮೇಲೆ, ಬಯಲಿನಲ್ಲಿ, ಬಾಗಿಲೇ ಇಲ್ಲದ ಕಡೆ. ಅಧ್ಯಕ್ಷರು ಒಪ್ಪಿದರು. ಶ್ರಾವಣದ ಒಂದು ರವಿವಾರ, ಖಾಲಿ ಮಾರುಕಟ್ಟೆಯ ಅಂಗಳದಲ್ಲಿ, ನಾಲ್ಕೂ ಕಡೆ ತೆರೆದ ತಗಡಿನ ಚಪ್ಪರದ ಕೆಳಗೆ ಬಳಗ ಕೂಡಿತು. ಕರವಸ್ತ್ರ ತಂದಿದ್ದರು. ಮಂಡಕ್ಕಿ ಮೊದಲೇ ಕೊಟ್ಟರು. ಒಬ್ಬರೂ ಎದ್ದುಹೋಗಲಿಲ್ಲ.

ಅಪ್ಪ ಮೊದಲಿನಿಂದ ಹೇಳಿದ. ಯಾರೂ ಅಳಲಿಲ್ಲ. ಹೆಂಡತಿ ನಗುವಲ್ಲಿ ಇಬ್ಬರು ಆಕಳಿಸಿದರು. ಅಕ್ಕೋರು ಕಣ್ಣು ತಿಕ್ಕಿ ತಿಕ್ಕಿ ನೋಡಿ ಕೈಬಿಟ್ಟರು. ನಾನು ಅಪ್ಪನ ಎದೆಯನ್ನೇ ನೋಡುತ್ತಿದ್ದೆ. ಅದು ಸರಿಯಾಗಿ ಏರಿ ಇಳಿಯುತ್ತಿತ್ತು.

"ಆಚೀ ದಂಡ್ಯಾಗ ಒಬ್ಬಾಕಿ ನಿಂತಿದ್ಲು. ಆಕಿ ಯಾರಂದ್ರ…" ಅಪ್ಪ ಪುಸ್ತಕ ಮುಚ್ಚಿದ. "ನನಗ ಗೊತ್ತಿಲ್ರಿ. ಮುಂದ ಹಾಳಿ ಇಲ್ಲ."

ಅಪ್ಪ ಪುಸ್ತಕದ ಹರಿದ ಬೆನ್ನು ಎತ್ತಿ ತೋರಿಸಿದ.

"ಎಲ್ಲಾರೂ ಓದಲೇಬೇಕು ಅಂತ ಯಾಕ ಹೇಳಾಕ ಬಂದೆ ಅಂದ್ರ, ನಿಮ್ಮೊಳಗ ಯಾರ ಮನ್ಯಾಗರ ಇದರ ಪೂರಾ ಪ್ರತಿ ಇರಬಹುದು. ಇದ್ರ ದಯಮಾಡಿ ನನಗ ತಿಳಸ್ರಿ. ಹನ್ನೆರಡು ವರ್ಷ ಆತು, ಕಾಯಾಕತ್ತೇನಿ."

ಅಧ್ಯಕ್ಷರು ಎದ್ದು ನಿಂತರು. "ಮಾಸ್ತರ್ರ, ಹಾಳಿ ಇಲ್ಲದ ಕಥೀಗೆ ನಾವು ಸಾಯಾಕ ಕುಂತಿದ್ವ್ಯಾ?"

"ನಾನೂ ಅದಕ್ಕ ಸಾಯಾಕ ನಿಂತಿದ್ನಲ್ರಿ."

ಮೊದಲು ನಕ್ಕವರು ಅಧ್ಯಕ್ಷರೇ. ಆಮೇಲೆ ಎಲ್ಲರೂ. ಕರವಸ್ತ್ರಗಳು ಆಗ ಬೇಕಾದವು. ನಗು ಇಳಿದ ಮೇಲೆ ಜಗಳ ಹತ್ತಿತು. ಆಕೆ ಅಂಬಿಗನ ಸತ್ತ ತಾಯಿ ಎಂದರು ಅಕ್ಕೋರು. ಹೆಂಡತಿಯೇ, ಗಂಡನನ್ನು ಪರೀಕ್ಷಿಸಲು ಹೋದಾಕೆ ಎಂದರು ಇನ್ನೊಬ್ಬರು. ಮಂಡಕ್ಕಿಯವ ಬುಟ್ಟಿ ಕೆಳಗಿಟ್ಟು, "ಯಾರರ ಇರಲಿ, ಮೊದಲ ದೋಣ್ಯಾಗ ಹತ್ತಿಸಿಕೊಂಡ ಬಾ ಅನ್ರಿ, ಹೊಳಿ ಏರಾಕತ್ತೈತಿ" ಎಂದ. ಅಪ್ಪ ಜನರ ನಡುವೆ ಒಂದು ಕುರ್ಚಿಯಲ್ಲಿ ಕುಳಿತು ಒಬ್ಬೊಬ್ಬರ ಮಾತಿಗೂ ತಲೆಯಾಡಿಸುತ್ತಿದ್ದ. ನಕ್ಕು ನಕ್ಕು ಸುಸ್ತಾಗಿದ್ದರೂ ಎದೆಯಲ್ಲಿ ಪುಂಗಿ ಊದಿರಲಿಲ್ಲ.

ಈಗಲೂ ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕುವ ಮೊದಲು ಮನೆಯ ಬಾಗಿಲು ತೆರೆದಿಟ್ಟು ಬರುತ್ತೇನೆ. ಆ ಭಯ ಹೋಗಿಲ್ಲ, ಹೋಗುವಂತೆಯೂ ಕಾಣುವುದಿಲ್ಲ. ಆದರೆ ಶ್ರಾವಣದ ಆ ರವಿವಾರ ಬ್ಯಾಡಗಿಯಿಂದ ಬಂದವರು ಉಂಡು ಮಲಗಿದೆವು. ನಾನು ಚಿಲಕ ಹಾಕಿದೆನೆಂಬುದು ನನಗೆ ಗೊತ್ತಾದದ್ದೇ ಮರುದಿನ ಸೋಮವಾರ ಬೆಳಿಗ್ಗೆ, ಬಿಸಿಲು ಒಳಗೆ ಬಂದ ಮೇಲೆ. ಹಾಲಿನವ ಓಣಿಯ ಜನರನ್ನೆಲ್ಲ ಕೂಡಿಸಿಕೊಂಡು, ಒಳಗೆ ಇಬ್ಬರಿಗೂ ಏನೋ ಆಗಿದೆಯೆಂದು ಬಾಗಿಲು ಬಡಿಯುತ್ತಿದ್ದ. ಅಪ್ಪ ಗೊರಕೆ ಹೊಡೆಯುತ್ತಿದ್ದ.