ಪರದೆಯ ಹಿಂದಿನ ಪಿಯಾನೊ

ಕಮಲಾಪುರದಲ್ಲಿ ಪಿಯಾನೊ ಇತ್ತು ಅಂದರೆ ಇವತ್ತಿಗೂ ಜನ ನಗುತ್ತಾರೆ. ನಗಲಿ. ನಮ್ಮ ಆಯಿ ಶಿವಕಾಂತಮ್ಮ, ಅಂದರೆ ನನ್ನ ಅಪ್ಪನ ತಾಯಿ, ಅದರ ಮಗ್ಗುಲಲ್ಲೇ ಕೂತು ಕೇಳಿದವಳು. ನಗುವವರಿಗಿಂತ ನನಗೆ ಅವಳ ಮಾತೇ ದೊಡ್ಡದು.

ನುಡಿಸುತ್ತಿದ್ದವಳು ಬಷೀರುನ್ನೀಸಾ. ನಿಜಾಮರ ಕಾಲ, ಅವಳ ಅಪ್ಪ ಕಲಬುರ್ಗಿಯಲ್ಲಿ ಸರಕಾರಿ ಮುನ್ಷಿ. ಪಕ್ಕದ ಬಂಗಲೆಯ ಒಂಟಿ ದೊರೆಸಾನಿ ಈ ಹುಡುಗಿಗೆ ವರ್ಷಗಟ್ಟಲೆ ಪಿಯಾನೊ ಕಲಿಸಿದಳು, ವಿಲಾಯತಿಗೆ ಹೊರಟಾಗ ಅದನ್ನು ಇವಳಿಗೇ ಬಿಟ್ಟುಹೋದಳು. ಆಮೇಲೆ ಅಪ್ಪ ತೀರಿಕೊಂಡ. ಮದುವೆಯಾದ ವರ್ಷವೇ ಗಂಡನೂ ಹೋದ. ಕಮಲಾಪುರದಲ್ಲಿ ಪೊಲೀಸ್ ಅಮೀನನಾಗಿದ್ದ ಅಣ್ಣ ಖಮರುದ್ದೀನ್ ತಂಗಿಯನ್ನು ಕರೆತಂದ. ಹಿಂದೆ ಬಂಡಿಯಲ್ಲಿ ಗೋಣಿತಟ್ಟು ಸುತ್ತಿದ ದೊಡ್ಡ ಪೆಟ್ಟಿಗೆ. ಮಹಾಗಾಂವದಿಂದ ಈಚೆ ಎಲ್ಲರೂ ಪೆಟ್ಟಿಗೆ ನೋಡಿದರು, ಒಳಗಿದ್ದದ್ದನ್ನು ಯಾರೂ ನೋಡಲಿಲ್ಲ.

ಗೋಷಾ ಪಾಲಿಸುವ ಮನೆ. ಹೊಸ್ತಿಲು ದಾಟುವಂತಿಲ್ಲ. ಅಣ್ಣ ಹಳ್ಳಿ ಹಳ್ಳಿ ತಿರುಗುವವನು, ಅತ್ತಿಗೆಗೆ ಪಿಯಾನೊ ಸದ್ದೇ ತಲೆನೋವು. ಮಾತಿಗೆ ಅಂತ ಪಕ್ಕದ ಮನೆಯ ಆಯಿ ಒಬ್ಬಳೇ.

"ಬಾರಸಲಿಕ್ಕ ಮೂರು ಚೀಜ್ ಅದಾವ್ರಿ ಶಿವಕಾಂತಮ್ಮ," ಅಂದಿದ್ದಳಂತೆ ಬಷೀರುನ್ನೀಸಾ. "ಮೊದಲನೇದು ಒಬ್ಬ ಉಸ್ತಾದರು ಕಟ್ಟಿದ್ದು. ಎರಡನೇದು ಅವರ ಶಿಷ್ಯಂದು, ಮೂರನೇದು ಶಿಷ್ಯನ ಶಿಷ್ಯಂದು. ಆ ಸಾಲಿನ ಮಂದಿ ಕಡಿಂದ ನಮ್ಮ ಮೇಮ್‌ಸಾಹೇಬ್ರು ಕಲ್ತ್ರು, ಅವರ ಕಡಿಂದ ನಾ. ಒಮ್ಮೆ ನಾಲ್ಕು ಮಂದಿ ಮುಂದ ಮೂರೂ ಬಾರಿಸಬೇಕು. ಈಕಿನೂ ಆ ಸಾಲಿನಾಕಿ ಅನಬೇಕು. ಅಷ್ಟ ಸಾಕ್ರಿ."

"ನಮ್ಮ ಮಠದಾಗೂ ಹಿಂಗ ಗುರುಗಳ ಹೆಸರು ಸಾಲಾಗಿ ಹೇಳ್ತಾರ್ರಿ ಬೀಬಿ," ಅಂದಳು ಆಯಿ. ಅವಳಿಗೆ ತಿಳಿದದ್ದು ಅಷ್ಟೇ, ಆದರೆ ಸರಿಯಾಗೇ ತಿಳಿದಿತ್ತು.

ತಂಗಿ ಮತ್ತೆ ಮತ್ತೆ ಬೇಡಿದ ಮೇಲೆ ಕೊನೆಗೆ ಅಣ್ಣ ಒಪ್ಪಿದ. ರಂಜಾನ್ ಹಬ್ಬದ ಸಂಜೆ ಪಡಸಾಲೆಯಲ್ಲಿ ಊರ ಹಿರಿಯರು, ಪರದೆಯ ಒಳಗೆ ಬಷೀರುನ್ನೀಸಾ, ಜೊತೆಗೆ ಆಯಿ. ಮೊದಲೆರಡು ಮುಗಿಯುವಾಗ ಹೊರಗೆ ಸುರಕುಂಬಾ ಪಾಯಸದ ಬಟ್ಟಲುಗಳ ಸದ್ದು, ತೊಗರಿ ಧಾರಣೆಯ ಮಾತು. ಮೂರನೆಯದಕ್ಕೆ ಎಲ್ಲರೂ ಸುಮ್ಮನಾದರು. ಬಷೀರುನ್ನೀಸಾಳ ಮುಖ ಅರಳಿತು.

ಮುಗಿದದ್ದೇ ತಡ, ಧಾನ್ಯದ ವ್ಯಾಪಾರಿ ದೌಲಪ್ಪ ಸಾಹುಕಾರರ ದನಿ ಕೇಳಿತು: "ಅಮೀನ್ ಸಾಹೇಬ್ರ, ಮಸ್ತ್ ಅದರಿ ನಿಮ್ಮ ಗ್ರಾಮಫೋನು! ಇಷ್ಟು ದೊಡ್ಡದು ಹೈದ್ರಾಬಾದಿನಾಗೂ ಇರ್ಲಿಕ್ಕಿಲ್ಲ. ಕಡೀ ಪ್ಲೇಟು ಇನ್ನೊಮ್ಮೆ ಹಚ್ಚಸ್ರಿ."

ಬಷೀರುನ್ನೀಸಾಳ ಕೈ ಮಡಿಲಿಗೆ ಬಿತ್ತು.

ಖಮರುದ್ದೀನ್ ಕೆಟ್ಟವನಲ್ಲ. ಮನೆಯ ಹೆಣ್ಣುಮಗಳು ಗಂಡಸರೆದುರು ಬಾಜಾ ಬಾರಿಸಿದಳು ಅಂದರೆ ಊರು ಯಾವ ಹೆಸರಿಡುತ್ತದೆಂದು ಅವನಿಗೆ ಗೊತ್ತಿತ್ತು. ಆ ಊರಲ್ಲಿ ಗ್ರಾಮಫೋನಿನ ಸುದ್ದಿ ಕೇಳಿದವರಿದ್ದರು, ಕಂಡವರಿರಲಿಲ್ಲ. ಪೆಟ್ಟಿಗೆಯಲ್ಲಿ ಬಂದದ್ದು ಅದೇ ಅಂದುಬಿಟ್ಟಿದ್ದ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವವರ ಜಾಣತನ. ನನಗೆ ಈಗಲೂ ಸಿಟ್ಟು ಬರುತ್ತದೆ.

ಪರದೆ ಸರಿಸಿ ಅವನು ಇಣುಕಿದ. ಗುಟ್ಟು ಬಿಡಬೇಡ, ಇನ್ನೊಮ್ಮೆ ನುಡಿಸು ಅಂತ ಕಣ್ಣಲ್ಲೇ ಬೇಡಿಕೊಂಡು ಹೋದ.

ಆಯಿ ಅವಳ ಕಿವಿಯಲ್ಲಿ ಹೇಳಿದಳು: "ಒಂದೀಟು ತಪ್ಪಿ ಬಾರಸ್ರಿ ಬೀಬಿ. ಪ್ಲೇಟು ತಪ್ಪಂಗಿಲ್ಲ. ಒಳಗ ಮನಿಷ್ಯಾಳು ಕುಂತಾಳ ಅಂತ ಅವ್ರಿಗಿ ತಿಳೀತದ."

ಅವಳು ಕಣ್ಣೊರೆಸಿಕೊಂಡಳು. "ಉಸ್ತಾದರ ಚೀಜ್ ಕೆಡಿಸಿ, ಅವರ ಸಾಲಿನಾಕಿ ನಾ ಅಂತ ಹ್ಯಾಂಗ ಹೇಳ್ಲಿ?"

ಮತ್ತೆ ನುಡಿಸಿದಳು. ಒಂದು ಸ್ವರ ಹೆಚ್ಚುಕಡಿಮೆಯಾಗಲಿಲ್ಲ. ಹೊರಗೆ ಸಾಹುಕಾರರು "ವಾಹ್, ಎಂಥಾ ಯಂತ್ರ!" ಅಂದರು.